ಮೂರು ಜಿಲ್ಲೆಗಳ ಹೆಸರಿನಲ್ಲಿ ಒಂದು ಊರು: ಗಡಿನಾಡಿನ ಆಕರಗಳು ಮತ್ತು ಗ್ರಂಥಾಲಯದ ಜಾಲ ಕೈಪಿಡಿ

ಉದಗೀರ ಮತ್ತು ನಿಲಂಗಾ ತಾಲೂಕುಗಳು 1956ರ ಅಕ್ಟೋಬರ್ ಕೊನೆಯವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ಬೀದರದ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋಗಿ ಉಸ್ಮಾನಾಬಾದ್ ಜಿಲ್ಲೆಯ ಭಾಗಗಳಾದವು. 1960ರಲ್ಲಿ ಮುಂಬಯಿ ರಾಜ್ಯವೇ ಇಬ್ಭಾಗವಾಗಿ ಈ ನೆಲ ಮಹಾರಾಷ್ಟ್ರದಲ್ಲಿ ಉಳಿಯಿತು. 1982ರ ಆಗಸ್ಟ್ 16ರಂದು ಉಸ್ಮಾನಾಬಾದನ್ನು ಒಡೆದು ಲಾತೂರು ಜಿಲ್ಲೆಯನ್ನು ರಚಿಸಿದಾಗ ಉದಗೀರ, ನಿಲಂಗಾಗಳು ಮೂರನೆಯ ಜಿಲ್ಲೆಗೆ ಸೇರಿದವು. ನೆರೆಯ ಉಮರ್ಗಾ ಉಸ್ಮಾನಾಬಾದಿನಲ್ಲೇ ಉಳಿಯಿತು. ಆದರೆ ಆ ಜಿಲ್ಲೆಯ ಹೆಸರೂ 2023ರಲ್ಲಿ ಧಾರಾಶಿವ ಎಂದು ಬದಲಾಯಿತು. ಊರುಗಳು ಇದ್ದಲ್ಲೇ ಇದ್ದವು. ಅವುಗಳ ಚರಿತ್ರೆಯ ಆಕರಗಳು ಮಾತ್ರ ಬೇರೆ ಬೇರೆ ಕಪಾಟುಗಳಿಗೆ ಹಂಚಿಹೋದವು.

ಈ ಹಂಚಿಕೆ ಗ್ರಂಥಾಲಯದ ಸೂಚಿಯಲ್ಲಿ ನೇರವಾಗಿ ಕಾಣಿಸುತ್ತದೆ. ಸ್ಥಳಚರಿತ್ರೆಯ ಪುಸ್ತಕಗಳಿಗೆ ಸಾಮಾನ್ಯವಾಗಿ ರಾಜ್ಯ ಮತ್ತು ಜಿಲ್ಲೆಯ ಹೆಸರಿನಲ್ಲೇ ವಿಷಯಶೀರ್ಷಿಕೆ ಬೀಳುತ್ತದೆ. 1956ಕ್ಕೆ ಮುಂಚಿನ ಉದಗೀರವನ್ನು ಬೀದರದ ಅಡಿಯಲ್ಲಿ, 1972ರ ಗೆಜೆಟಿಯರಿನ ಉದಗೀರವನ್ನು ಉಸ್ಮಾನಾಬಾದಿನ ಅಡಿಯಲ್ಲಿ, ಇಂದಿನ ಉದಗೀರವನ್ನು ಲಾತೂರಿನ ಅಡಿಯಲ್ಲಿ ಹುಡುಕಬೇಕು. 1977ರ ಬೀದರ ಜಿಲ್ಲಾ ಗೆಜೆಟಿಯರು ಅಂದಿನ ಜಿಲ್ಲೆಯನ್ನು ಕುರಿತದ್ದು. ಬಿಟ್ಟುಹೋದ ತಾಲೂಕುಗಳು ಅದರ ವಿಷಯವಲ್ಲ. ಹೀಗಾಗಿ ಲಾತೂರು ಎಂಬ ಒಂದೇ ಪದವನ್ನು ಶೋಧಪೆಟ್ಟಿಗೆಯಲ್ಲಿ ಬರೆಯುವ ವಿದ್ಯಾರ್ಥಿಗೆ 1982ರ ನಂತರದ ಸಾಮಗ್ರಿ ಸುಲಭವಾಗಿ ಸಿಗುತ್ತದೆ. ಅದಕ್ಕೆ ಹಿಂದಿನದು ಅಲ್ಲಲ್ಲಿ ಸಿಗುತ್ತದೆ. ಸಿಗದ ಭಾಗದಲ್ಲೇ ಈ ಪ್ರದೇಶದ ಕನ್ನಡದ ಪಾಲು ಹೆಚ್ಚಾಗಿ ಅಡಗಿದೆ. ವಿಶ್ವವಿದ್ಯಾಲಯಗಳ ಮತ್ತು ಕಾಲೇಜುಗಳ ಗ್ರಂಥಾಲಯಗಳು ಈಗ ಜಾಲತಾಣದಲ್ಲಿ ಸಿದ್ಧಪಡಿಸುತ್ತಿರುವ ಸಂಶೋಧನ ಕೈಪಿಡಿಗಳ ಪ್ರಶ್ನೆ ಗಡಿನಾಡಿಗೆ ಮುಖ್ಯವಾಗುವುದು ಈ ಕಾರಣದಿಂದ.

ಇಂತಹ ಕೈಪಿಡಿಗಳ ಚರಿತ್ರೆ ದೀರ್ಘವಾದುದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆದ ಇಂಟ್ರೆಕ್ಸ್ ಯೋಜನೆಯ ಮಾದರಿ ಗ್ರಂಥಾಲಯದಲ್ಲಿ ‘ಪಾತ್‌ಫೈಂಡರ್’ ಎಂಬ ಹಾಳೆಗಳು ರೂಪುಗೊಂಡವು. ಮೇರಿ ಕ್ಯಾನ್‌ಫೀಲ್ಡ್ 1972ರಲ್ಲಿ ಅವುಗಳನ್ನು ಕುರಿತು ಬರೆದ ಲೇಖನದ ಮೂಲಕ ಆ ಹೆಸರು ಗ್ರಂಥಪಾಲಕರಲ್ಲಿ ಪ್ರಚಾರಕ್ಕೆ ಬಂತು. ಒಂದು ವಿಷಯಕ್ಕೆ ಒಂದು ಹಾಳೆ. ಅದರಲ್ಲಿ ಪ್ರವೇಶಕ್ಕೆ ಓದಬೇಕಾದ ಬರಹ, ಸೂಚಿಯಲ್ಲಿ ಹುಡುಕಬೇಕಾದ ಶೀರ್ಷಿಕೆಗಳು, ನೋಡಬೇಕಾದ ನಿಯತಕಾಲಿಕೆಗಳು. ಎಲ್ಲವನ್ನೂ ಪಟ್ಟಿಮಾಡುವುದು ಅದರ ಗುರಿಯಾಗಿರಲಿಲ್ಲ. ಹೊಸಬನಿಗೆ ಮೊದಲ ಕೆಲವು ಹೆಜ್ಜೆಗಳನ್ನು ಸರಿಯಾದ ಕ್ರಮದಲ್ಲಿ ತೋರಿಸಿಕೊಡುವುದಾಗಿತ್ತು. 1990ರ ದಶಕದಲ್ಲಿ ಈ ಹಾಳೆಗಳು ಜಾಲಪುಟಗಳಾದವು. 2007ರಲ್ಲಿ ಸ್ಪ್ರಿಂಗ್‌ಶೇರ್ ಸಂಸ್ಥೆಯ ‘ಲಿಬ್‌ಗೈಡ್ಸ್’ ತಂತ್ರಾಂಶ ಬಂದ ಮೇಲೆ, ಪ್ರೋಗ್ರಾಮಿಂಗ್ ಅರಿಯದ ಗ್ರಂಥಪಾಲಕರೂ ಇವನ್ನು ಕಟ್ಟುವಂತಾಯಿತು. ಕಟ್ಟುವುದು ಸುಲಭವಾದಂತೆ ಕೈಪಿಡಿಗಳು ಬೆಳೆದವು. ಕ್ರಮವನ್ನು ತೋರಿಸುವ ಹಾಳೆ ಬಹಳ ಕಡೆ ಕೊಂಡಿಗಳ ಪಟ್ಟಿಯಾಗಿ ಇಳಿಯಿತು.

ಭಾರತದಲ್ಲಿ ಈ ಚಿಂತನೆಗೆ ಬೇರೆಯೇ ಹಿನ್ನೆಲೆಯಿದೆ. ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸಬೇಕೆಂದು ಹೇಳುತ್ತದೆ. ಕನ್ನಡದಲ್ಲಿ ಜ್ಞಾನವನ್ನು ವಿಂಗಡಿಸಿ ಓದುಗನ ಕೈಗೆ ಕೊಡುವ ಪರಂಪರೆ ಇನ್ನೂ ಹಳೆಯದು. ನಿಜಗುಣ ಶಿವಯೋಗಿಯ ‘ವಿವೇಕಚಿಂತಾಮಣಿ’ ಹತ್ತು ಪ್ರಕರಣಗಳಲ್ಲಿ ಶಾಸ್ತ್ರಗಳ ಪರಿಭಾಷೆಯನ್ನು ಕೂಡಿಸಿಕೊಟ್ಟ ಕೃತಿ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು (1907, 1919, 1929) ಚದುರಿದ್ದ ಹಸ್ತಪ್ರತಿ ಮತ್ತು ಶಾಸನಗಳ ನಡುವೆ ಸಂಶೋಧಕರಿಗೆ ದಾರಿ ತೆರೆದವು. ಇವನ್ನು ಇಂದಿನ ಜಾಲ ಕೈಪಿಡಿಗಳ ಪೂರ್ವಜರೆಂದು ಕರೆಯುವುದು ಕಾಲವಿಪರ್ಯಾಸವಾದೀತು. ಆದರೆ ಒಂದು ಸಂಗತಿ ಇಲ್ಲಿ ಪ್ರಸ್ತುತ: ‘ವಿವೇಕಚಿಂತಾಮಣಿ’ 1604ರಲ್ಲಿ ಮರಾಠಿಗೆ ಅನುವಾದವಾಯಿತು. ಹದಿನೇಳನೆಯ ಶತಮಾನದ ಆರಂಭದಲ್ಲಿ ಕನ್ನಡದ ಒಂದು ಜ್ಞಾನಕೋಶ ಮರಾಠಿ ಓದುಗರಿಗೆ ಬೇಕಾಗಿತ್ತು. ಇಂದು ಆ ಎರಡು ಪಠ್ಯಗಳೂ ಬೇರೆ ಬೇರೆ ಭಾಷಾವಿಭಾಗಗಳ ಕಪಾಟುಗಳಲ್ಲಿವೆ. ಒಂದರ ದಾಖಲೆಯಿಂದ ಇನ್ನೊಂದಕ್ಕೆ ಕೊಂಡಿ ಕಟ್ಟುವ ಕೆಲಸ ಸೂಚಿಯದಲ್ಲ, ಕೈಪಿಡಿಯದು.

ಶಾಸನಗಳ ವಿಷಯದಲ್ಲಿ ವಿಂಗಡಣೆಯ ಪರಿಣಾಮ ಇನ್ನೂ ಸ್ಪಷ್ಟವಾಗಿದೆ. ಉಮರ್ಗಾದಿಂದ ಬಸವಕಲ್ಯಾಣ ದೂರವಿಲ್ಲ. ಕಲ್ಯಾಣದ ಚಾಲುಕ್ಯರ ಆಳ್ವಿಕೆಯ ನಡುಭಾಗವೇ ಇದು. ಉಮರ್ಗಾದ ಶಿವಾಲಯವೂ ನಿಲಂಗಾದ ನೀಲಕಂಠೇಶ್ವರ ದೇವಾಲಯವೂ ಆ ಕಾಲದ ಕಟ್ಟಡಕಲೆಗೆ ಸೇರಿದವು. ಇಂದಿನ ಲಾತೂರೇ ಲತ್ತಲೂರು ಎಂದು ವಿದ್ವಾಂಸರು ಗುರುತಿಸುತ್ತಾರೆ; ರಾಷ್ಟ್ರಕೂಟರೂ ಸವದತ್ತಿಯ ರಟ್ಟರೂ ತಮ್ಮನ್ನು ಆ ಪುರದ ಒಡೆಯರೆಂದು ಹೇಳಿಕೊಂಡರು. ಆದರೂ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಹಳೆಯ ಮೈಸೂರು ಮತ್ತು ಕೊಡಗಿಗೆ ಸೀಮಿತ. ಮುಂಬಯಿ ಕರ್ನಾಟಕದ ಶಾಸನ ಸಂಪುಟಗಳಿಗೆ ನಿಜಾಮರ ಸೀಮೆ ಹೊರಗಿನದು. ಪಿ. ಬಿ. ದೇಸಾಯಿ ಅವರು ಹೈದರಾಬಾದ್ ಪುರಾತತ್ತ್ವ ಮಾಲೆಯಲ್ಲಿ 1958ರಲ್ಲಿ ಪ್ರಕಟಿಸಿದ ಸಂಪುಟದ ಶೀರ್ಷಿಕೆಯೇ ಹೈದರಾಬಾದ್ ರಾಜ್ಯದ ‘ಕನ್ನಡ ಜಿಲ್ಲೆ’ಗಳನ್ನು ಪ್ರತ್ಯೇಕಿಸುತ್ತದೆ. ಕನ್ನಡ ಜಿಲ್ಲೆ ಎಂಬ ಪಟ್ಟಿಯಲ್ಲಿ ಉಸ್ಮಾನಾಬಾದ್ ಇರಲಿಲ್ಲ. ಅಲ್ಲಿನ ಕಲ್ಲುಗಳ ಮೇಲೆ ಕನ್ನಡ ಇತ್ತು. ಪ್ರತಿಯೊಂದು ಮಾಲೆಗೂ ಅದರದೇ ಆದ ಸಮರ್ಥನೀಯ ಎಲ್ಲೆಯಿತ್ತು. ಎಲ್ಲ ಎಲ್ಲೆಗಳೂ ಕೊನೆಯಾಗುವ ಕಡೆ ಈ ತಾಲೂಕುಗಳು ಬಿದ್ದವು.

ಈ ಕೊರತೆಯನ್ನು ತುಂಬುವ ದಾರಿಯನ್ನು ಎರಡು ಸಂಪುಟಗಳು ತೋರಿಸಿಕೊಟ್ಟಿವೆ. ಶ್ರೀನಿವಾಸ ರಿತ್ತಿ ಮತ್ತು ಗಣೇಶ ಶೆಳ್ಕೆ ಅವರ ನಾಂದೇಡ ಜಿಲ್ಲೆಯ ಶಾಸನಗಳ ಸಂಪುಟವು 1968ರಲ್ಲಿ ನಾಂದೇಡದ ಯಶವಂತ ಮಹಾವಿದ್ಯಾಲಯದಿಂದ ಪ್ರಕಟವಾಯಿತು. ರಿತ್ತಿ ಅವರೇ ಆನಂದ ಕುಂಭಾರರೊಡನೆ ಸಿದ್ಧಪಡಿಸಿದ ಸೊಲ್ಲಾಪುರ ಜಿಲ್ಲೆಯ ಸಂಪುಟ 1988ರಲ್ಲಿ ಬಂತು. ಎರಡರಲ್ಲೂ ಧಾರವಾಡದ ಕನ್ನಡ ಶಾಸನತಜ್ಞರೊಬ್ಬರು ಆಯಾ ಜಿಲ್ಲೆಯನ್ನು ಬಲ್ಲವರ ಜೊತೆ ದುಡಿದಿದ್ದಾರೆ. ಎರಡರಲ್ಲೂ ಜಿಲ್ಲೆಯೇ ಘಟಕ, ಭಾಷೆ ಘಟಕವಲ್ಲ. ಮೊದಲನೆಯದನ್ನು ಹೊರತಂದದ್ದು ಒಂದು ಕಾಲೇಜು ಎಂಬುದು ಇಲ್ಲಿ ಗಮನಾರ್ಹ. ಉದಗೀರ, ನಿಲಂಗಾ, ಉಮರ್ಗಾಗಳ ಕಾಲೇಜು ಗ್ರಂಥಾಲಯಗಳು ಇಂತಹ ಕೆಲಸಕ್ಕೆ ಚಿಕ್ಕವು ಎಂಬ ಮಾತಿಗೆ ಆ ಸಂಪುಟವೇ ಉತ್ತರ.

ಕನ್ನಡದ ಆಕರಗಳನ್ನಷ್ಟೇ ಒಟ್ಟುಗೂಡಿಸಿದರೆ ಮತ್ತೊಂದು ಬಗೆಯ ಅಪೂರ್ಣತೆ ಉಂಟಾಗುತ್ತದೆ. 1760ರ ಉದಗೀರ ಯುದ್ಧದಲ್ಲಿ ಮರಾಠರು ನಿಜಾಮನನ್ನು ಸೋಲಿಸಿದರು. ಜಿ. ಎಸ್. ಸರದೇಸಾಯಿ ಅವರು ಸಂಪಾದಿಸಿದ ಪೇಶ್ವೆ ದಫ್ತರದ 45 ಭಾಗಗಳಲ್ಲಿ ಮೊದಲನೆಯದೇ ಆ ಯುದ್ಧಕ್ಕೆ ಸಂಬಂಧಿಸಿದ ಕಾಗದಪತ್ರಗಳದು. ಮೂಲಗಳು ಮೋಡಿ ಲಿಪಿಯಲ್ಲಿವೆ, ಮುದ್ರಣ ದೇವನಾಗರಿಯಲ್ಲಿದೆ. ಹೈದರಾಬಾದ್ ಸಂಸ್ಥಾನದಲ್ಲಿ 1884ರ ಸುಮಾರಿಗೆ ಫಾರಸಿಯ ಸ್ಥಾನಕ್ಕೆ ಉರ್ದು ಬಂದುದರಿಂದ ಅಲ್ಲಿಂದೀಚಿನ ಆಡಳಿತದ ಕಡತಗಳ ಭಾಷೆ ಮುಖ್ಯವಾಗಿ ಉರ್ದು. ಕೇಂದ್ರ ಸರಕಾರದ ವಾರ್ಷಿಕ ಶಾಸನ ವರದಿಗಳಲ್ಲಿ ಕನ್ನಡ, ಸಂಸ್ಕೃತ ಶಾಸನಗಳು ಒಂದು ಅನುಬಂಧದಲ್ಲಿದ್ದರೆ ಅರಬ್ಬಿ, ಫಾರಸಿ ಶಾಸನಗಳು ಇನ್ನೊಂದರಲ್ಲಿ ಇರುತ್ತವೆ. ಒಂದೇ ಊರಿನ ದೇವಾಲಯ ಮತ್ತು ದರ್ಗಾ ಎರಡು ಅನುಬಂಧಗಳಲ್ಲಿ ಬೇರೆಯಾಗಿ ನಿಲ್ಲುತ್ತವೆ. ಕನ್ನಡದವನು ಮೊದಲನೆಯದನ್ನು, ಉರ್ದು ಬಲ್ಲವನು ಎರಡನೆಯದನ್ನು ನೋಡಿ ಪುಸ್ತಕ ಮುಚ್ಚಿದರೆ ಊರಿನ ಚರಿತ್ರೆ ಯಾರ ಕೈಗೂ ಪೂರ್ತಿಯಾಗಿ ಸಿಗುವುದಿಲ್ಲ.

ಆಕರಗಳು ಅಂಕೀಕರಣಗೊಂಡ ಮೇಲೆ ಈ ತೊಡಕು ಕರಗುತ್ತದೆ ಎಂಬ ನಿರೀಕ್ಷೆ ಸಹಜ. ಅನುಭವ ಹಾಗಿಲ್ಲ. ಕನ್ನಡ ಪುಸ್ತಕಗಳ ದಾಖಲೆಗಳು ಅನೇಕ ಸೂಚಿಗಳಲ್ಲಿ ರೋಮನ್ ಲಿಪಿಯಲ್ಲಿವೆ, ಲಿಪ್ಯಂತರವೂ ಒಂದೇ ಬಗೆಯದಲ್ಲ. ಉಮರ್ಗಾ ಎಂಬ ಹೆಸರು ಇಂಗ್ಲಿಷ್ ದಾಖಲೆಗಳಲ್ಲಿ ಓಮೇರ್ಗಾ, ಉಮೇರ್ಗಾ ಎಂಬ ಕಾಗುಣಿತಗಳಲ್ಲಿಯೂ ಕಾಣಿಸುತ್ತದೆ. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೂ ಬಹುಕಾಲ ಪಠ್ಯಗಳು ಬೇರೆ ಸಂಕೇತಕ್ರಮದ ಫಾಂಟುಗಳಲ್ಲಿ ಸಿದ್ಧವಾದುದರಿಂದ ಯೂನಿಕೋಡಿನ ಶೋಧಕ್ಕೆ ಅವು ಕಾಣುವುದಿಲ್ಲ. ಪ್ರಬಂಧಗಳ ಭಂಡಾರವಾದ ಶೋಧಗಂಗಾದಲ್ಲಿ ಸಾಮಗ್ರಿ ವಿಶ್ವವಿದ್ಯಾಲಯವಾರು ಜೋಡಣೆಯಾಗಿದೆ. ಉಮರ್ಗಾದ ಕಾಲೇಜುಗಳು ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಸೇರಿವೆ. ಉದಗೀರ, ನಿಲಂಗಾದವು 1994ರಲ್ಲಿ ಸ್ಥಾಪನೆಯಾದ ನಾಂದೇಡದ ಸ್ವಾಮಿ ರಾಮಾನಂದ ತೀರ್ಥ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಸೇರಿವೆ. ಗಡಿಯಾಚೆಯ ಬೀದರ ಬಹುಕಾಲ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. ನೆರೆಹೊರೆಯ ಊರುಗಳ ಅಧ್ಯಯನಗಳು ಹೀಗೆ ಮೂರು ಪಟ್ಟಿಗಳಲ್ಲಿ ನಿಲ್ಲುತ್ತವೆ.

ಆದುದರಿಂದ ಈ ಮೂರು ಪಟ್ಟಣಗಳಿಗಾಗಿ ಕೈಪಿಡಿಯೊಂದನ್ನು ಕಟ್ಟುವುದಾದರೆ ಅದರ ಘಟಕ ಸ್ಥಳವಾಗಬೇಕು. ಮೊದಲ ಪುಟದಲ್ಲಿ ಇರಬೇಕಾದದ್ದು ಕೊಂಡಿಗಳಲ್ಲ, ಆಡಳಿತದ ಕಾಲಾನುಕ್ರಮ: ಯಾವ ವರ್ಷದ ದಾಖಲೆಯನ್ನು ಯಾವ ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕು ಎಂಬುದು. ಎರಡನೆಯದು ಹೆಸರುಗಳ ಕೋಷ್ಟಕ. ಪ್ರತಿ ಊರಿನ ಹೆಸರು ಕನ್ನಡ, ದೇವನಾಗರಿ, ಉರ್ದು ಮತ್ತು ರೋಮನ್ ಲಿಪಿಗಳಲ್ಲಿ, ಬಳಕೆಯಲ್ಲಿರುವ ಎಲ್ಲ ಕಾಗುಣಿತಗಳ ಸಹಿತ. ಮೂರನೆಯದು ಆಕರಗಳ ವರ್ಗಗಳು: ಶಾಸನ, ದಫ್ತರ, ಗೆಜೆಟಿಯರು, ಮಠಗಳ ಹಸ್ತಪ್ರತಿ, ಪ್ರಬಂಧ. ಪ್ರತಿಯೊಂದರ ಎದುರು ಅದನ್ನು ಓದಲು ಬೇಕಾದ ಭಾಷೆ ಮತ್ತು ಲಿಪಿ ಯಾವುದು, ಅದರ ವ್ಯಾಪ್ತಿ ಎಲ್ಲಿಗೆ ನಿಲ್ಲುತ್ತದೆ ಎಂಬ ಒಂದೆರಡು ವಾಕ್ಯಗಳಿರಬೇಕು. ದೇಸಾಯಿ ಅವರ ಸಂಪುಟ ಇದೆ ಎಂದಷ್ಟೇ ಹೇಳುವ ಕೈಪಿಡಿಗಿಂತ, ಅದರಲ್ಲಿ ಯಾವ ಜಿಲ್ಲೆಗಳು ಸೇರಿವೆ, ಯಾವುವು ಸೇರಿಲ್ಲ ಎಂದು ಹೇಳುವ ಕೈಪಿಡಿ ವಿದ್ಯಾರ್ಥಿಯ ಎಷ್ಟೋ ದಿನಗಳನ್ನು ಉಳಿಸುತ್ತದೆ.

ಕಟ್ಟಿದ್ದನ್ನು ಕಾಪಾಡುವುದು ಪ್ರತ್ಯೇಕ ಶ್ರಮ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಮೂಲ ತಾಣ ನಿಂತುಹೋದಾಗ ಅದನ್ನು ನೆಚ್ಚಿದ್ದ ಕೊಂಡಿಗಳು ವ್ಯರ್ಥವಾದವು. ಅದೇ ಪುಸ್ತಕಗಳ ಪ್ರತಿಗಳು ಬಹುಮಟ್ಟಿಗೆ ಇಂಟರ್‌ನೆಟ್ ಆರ್ಕೈವ್‌ನಲ್ಲಿದ್ದರೂ, ಲೇಖಕ, ಶೀರ್ಷಿಕೆ, ಮಾಲೆ, ವರ್ಷಗಳನ್ನು ಬರೆದಿಟ್ಟುಕೊಂಡವರಿಗೆ ಮಾತ್ರ ಅವು ಮತ್ತೆ ಸುಲಭವಾಗಿ ಸಿಕ್ಕವು. ಕೊಂಡಿಯ ಜೊತೆಗೆ ಪೂರ್ಣ ವಿವರವನ್ನೂ, ಮುದ್ರಿತ ಪ್ರತಿ ಇರುವ ಗ್ರಂಥಾಲಯದ ಹೆಸರನ್ನೂ, ಕೊನೆಯ ಬಾರಿ ಪರಿಶೀಲಿಸಿದ ದಿನಾಂಕವನ್ನೂ ಕೊಡುವುದು ಹಳೆಯ ಪಾತ್‌ಫೈಂಡರ್ ಹಾಳೆಗಿಂತ ಹೆಚ್ಚಿನ ತಂತ್ರಜ್ಞಾನವನ್ನು ಬೇಡುವುದಿಲ್ಲ. ದುಬಾರಿ ತಂತ್ರಾಂಶವೂ ಬೇಕಿಲ್ಲ. ಸರಳ ಜಾಲಪುಟ ಸಾಕು. ಬೇಕಾದದ್ದು ಕನ್ನಡ ಬಲ್ಲವರು, ಮರಾಠಿ ಮತ್ತು ಮೋಡಿ ಬಲ್ಲವರು, ಉರ್ದು ಬಲ್ಲವರು ವರ್ಷಕ್ಕೊಮ್ಮೆಯಾದರೂ ಒಂದೇ ಮೇಜಿನ ಸುತ್ತ ಕುಳಿತು ಪುಟಗಳನ್ನು ತಿದ್ದುವ ವ್ಯವಸ್ಥೆ.

ರಾಜ್ಯಗಳ ಪುನರ್ವಿಂಗಡಣೆಯ ಜೊತೆಗೇ 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಅನುಕೂಲವನ್ನು ಕಲ್ಪಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. ಶಾಲೆಯನ್ನು ದಾಟಿ ಕಾಲೇಜಿಗೆ, ಸಂಶೋಧನೆಗೆ ಬಂದವರ ವಿಷಯದಲ್ಲಿ ಅದು ಮೌನವಾಗಿದೆ. ಆ ಹಂತದಲ್ಲಿ ಭಾಷೆ ಉಳಿಯುವುದು ಅದರ ಆಕರಗಳು ಕೈಗೆಟಕುವುದನ್ನು ಅವಲಂಬಿಸಿದೆ. ಉದಗೀರದಲ್ಲಿ ಮರಾಠಿಯಲ್ಲಿ ಓದಿ, ಮನೆಯಲ್ಲಿ ಕನ್ನಡವಾಡುವ ವಿದ್ಯಾರ್ಥಿನಿಯೊಬ್ಬಳು ತನ್ನ ಊರಿನ ಬಗ್ಗೆ ಪ್ರಬಂಧ ಬರೆಯಲು ಗ್ರಂಥಾಲಯದ ಗಣಕದ ಮುಂದೆ ಕುಳಿತರೆ, ಈಗಿನ ಸೂಚಿ ಅವಳಿಗೆ ಲಾತೂರು ಜಿಲ್ಲೆಯನ್ನು ತೋರಿಸುತ್ತದೆ. ಬೀದರವನ್ನೂ ಉಸ್ಮಾನಾಬಾದನ್ನೂ ನೋಡಬೇಕೆಂದು ಅವಳಿಗೆ ಹೇಳುವವರು ಯಾರು ಎಂಬುದೇ ಪ್ರಶ್ನೆ. ಆ ಮಾತನ್ನು ಮೊದಲ ಪುಟದಲ್ಲೇ ಹೇಳುವ ಕೈಪಿಡಿಯನ್ನು ಈ ಮೂರು ಪಟ್ಟಣಗಳ ಗ್ರಂಥಾಲಯಗಳೇ ಒಟ್ಟಾಗಿ ಆರಂಭಿಸುವುದು ಸೂಕ್ತ. ಬೀದರ ಮತ್ತು ಕಲಬುರಗಿಯ ಕನ್ನಡ ವಿಭಾಗಗಳು ಅದರ ಕನ್ನಡ ಭಾಗದ ಹೊಣೆಯನ್ನು ಹೊತ್ತುಕೊಳ್ಳಬಹುದು.