ವಾಣಿಜ್ಯವೂ ಧರ್ಮವೂ

ಬೆಲೆಯರಿಯದ ರೈತನೊಬ್ಬನು ಹೊಳಲ್ಕೆರೆಯ ಸಂತೆಯಲ್ಲಿ ಬಿತ್ತನೆಯ ಶೇಂಗಾ ಕೇಳಿದನೆನ್ನೋಣ. ವರ್ತಕನು ಹೆಚ್ಚು ಬೆಲೆ ಹೇಳಬಹುದೇ? ಈ ಪ್ರಶ್ನೆ ಬಹು ಪುರಾತನವಾದುದು.

ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ಓಲೆಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಿದರು. ಅದು ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10ರಷ್ಟು ಲಾಭವನ್ನು ವಿಧಿಸಿ, ಮೀರಿದವನಿಗೆ ದಂಡವನ್ನು ಹೇಳುವುದು. ಇಲ್ಲಿ ರಾಜಶಾಸನವೇ ಕಾವಲು.

12ನೆಯ ಶತಮಾನದ ಕಲ್ಯಾಣದಲ್ಲಿ, ಅಕ್ಕಿಯಾಯುವ ಕಾಯಕದ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿ ತರಲು, ಪತ್ನಿ ಲಕ್ಕಮ್ಮನು ಮಿಕ್ಕುದನ್ನು ಹಿಂದಕ್ಕೆ ಸುರಿದು ಬರಹೇಳಿದಳೆಂದು ಪ್ರತೀತಿ. ಇಲ್ಲಿ ಕಾವಲು ಅಂತಃಕರಣ.

ಜರ್ಮನಿಯ ಕಾಂಟನು 1785ರಲ್ಲಿ ಇಂಥದೇ ಅಂಗಡಿಕಾರನ ದೃಷ್ಟಾಂತವನ್ನು ಕೊಟ್ಟನು: ಮಗುವಿಗೂ ಒಂದೇ ಬೆಲೆ ಹೇಳುವವನು ಗಿರಾಕಿಯ ಆಸೆಯಿಂದ ಹಾಗೆ ಮಾಡಿದರೆ, ಅದು ಕರ್ತವ್ಯಕ್ಕೆ ಅನುಗುಣವೇ ಹೊರತು ಕರ್ತವ್ಯಬುದ್ಧಿಯಿಂದಾದುದಲ್ಲ. ಆಂಗ್ಲೇಯನಾದ ಮಿಲ್ಲನಿಗಾದರೋ (1861) ಬಹುಜನರ ಸುಖವೇ ಅಳತೆಗೋಲು. ಉದ್ದೇಶವು ಕರ್ತನ ಯೋಗ್ಯತೆಯನ್ನು ತಿಳಿಸುವುದೇ ಹೊರತು ಕಾರ್ಯದ ನ್ಯಾಯಾನ್ಯಾಯವನ್ನಲ್ಲ.

ರೈತನನ್ನು ವಂಚಿಸಬಾರದೆಂಬಲ್ಲಿ ಈ ಮಾರ್ಗಗಳೆಲ್ಲ ಕೂಡುವುವು. ಆದರೆ ಎಂದಿಗೂ ಬಯಲಾಗದ ವಂಚನೆಯಲ್ಲಿ ದಂಡದ ಭಯವಿಲ್ಲ. ಫಲದ ಲೆಕ್ಕವೂ ಸಡಿಲವಾದೀತು. ಆಗ ತಕ್ಕಡಿಯನ್ನು ನೆಟ್ಟಗೆ ಹಿಡಿಯತಕ್ಕದ್ದು ಕಾಂಟನ ಕರ್ತವ್ಯಬುದ್ಧಿ, ಲಕ್ಕಮ್ಮನ ಸಂಕೋಚ. ಇವು ಶಾಸನದಿಂದ ಹುಟ್ಟುವುವಲ್ಲ, ಮನೆಯಲ್ಲಿ ಕಲಿಯತಕ್ಕವು.