ಭಯಕ್ಕೆ ನಾದ ಕೊಟ್ಟವರು

ರಾಕ್ ಸಂಗೀತದಲ್ಲಿ ಭಯ ಮೊದಲು ಕಾಣಿಸಿಕೊಂಡದ್ದು ವೇಷದಲ್ಲಿ. ನಾದಕ್ಕೆ ಇಳಿದದ್ದು ಆಮೇಲೆ. 1956ರಲ್ಲಿ ‘ಐ ಪುಟ್ ಎ ಸ್ಪೆಲ್ ಆನ್ ಯು’ ಹಾಡಿದ ಅಮೆರಿಕದ ಸ್ಕ್ರೀಮಿಂಗ್ ಜೇ ಹಾಕಿನ್ಸ್ ಶವಪೆಟ್ಟಿಗೆಯೊಳಗಿಂದ ಎದ್ದು ವೇದಿಕೆಗೆ ಬರುತ್ತಿದ್ದರು. 1968ರಲ್ಲಿ ಇಂಗ್ಲೆಂಡಿನ ಆರ್ಥರ್ ಬ್ರೌನ್ ಬೆಂಕಿ ಉರಿಯುವ ಶಿರಸ್ತ್ರಾಣ ತೊಟ್ಟು ‘ಫೈರ್’ ಹಾಡಿದರು. ನೋಟ ಭಯಂಕರವಾಗಿದ್ದರೂ ಅವರ ಸಂಗೀತ ಬ್ಲೂಸ್ ಮತ್ತು ಸೋಲ್ ದಾರಿಯಲ್ಲೇ ಸಾಗಿತ್ತು. ಕಣ್ಣು ಮುಚ್ಚಿ ಕೇಳಿದರೂ ಎದೆ ನಡುಗಿಸುವ ನಾದವನ್ನು ಕಟ್ಟಿದ್ದು ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬಾತ್ ತಂಡ.

ಗಿಟಾರ್‌ನ ಟೋನಿ ಐಯೋಮಿ, ಗಾಯಕ ಆಜಿ ಆಸ್ಬೋರ್ನ್, ಬೇಸ್ ಗಿಟಾರ್‌ನ ಗೀಜರ್ ಬಟ್ಲರ್, ಡ್ರಮ್ಸ್‌ನ ಬಿಲ್ ವಾರ್ಡ್ ನಾಲ್ವರೂ ಆ ನಗರದ ಆಸ್ಟನ್ ಬಡಾವಣೆಯ ದುಡಿಯುವ ಕುಟುಂಬಗಳಲ್ಲಿ ಬೆಳೆದವರು. ಐಯೋಮಿ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 17ನೇ ವಯಸ್ಸಿನಲ್ಲಿ, ಕೆಲಸ ಬಿಡಬೇಕಿದ್ದ ಕೊನೆಯ ದಿನವೇ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ತುಂಡಾದವು. ಎಡಗೈಯಿಂದ ಮೀಟುತ್ತಿದ್ದ ಅವರಿಗೆ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ಅದಕ್ಕೆ ಚರ್ಮ ಅಂಟಿಸಿದರು. ಗಟ್ಟಿ ತಂತಿ ಒತ್ತಲಾಗದೆ ಬ್ಯಾಂಜೋದ ತೆಳು ತಂತಿ ಹಾಕಿದರು. ಮುಂದೆ 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಹೊತ್ತಿಗೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಇಳಿಸಿದರು. ಹೆವಿ ಮೆಟಲ್ ಎಂಬ ಸಂಗೀತದ ಗುರುತಾದ ಆ ತಗ್ಗು, ಭಾರವಾದ ದನಿಯ ಹಿಂದೆ ಈ ಗಾಯವಿದೆ.

ಅದಕ್ಕೂ ಮುನ್ನ ತಂಡದ ಹೆಸರು ಅರ್ಥ್ ಎಂದಿತ್ತು. ಅಭ್ಯಾಸದ ಜಾಗದ ಎದುರಿನ ಚಿತ್ರಮಂದಿರದಲ್ಲಿ ಬೋರಿಸ್ ಕಾರ್ಲಾಫ್ ನಟಿಸಿದ, ಮಾರಿಯೋ ಬಾವಾ ನಿರ್ದೇಶನದ 1963ರ ‘ಬ್ಲ್ಯಾಕ್ ಸಬ್ಬಾತ್’ ನಡೆಯುತ್ತಿತ್ತು. ಹೆದರಿಕೊಳ್ಳಲೆಂದೇ ಜನ ದುಡ್ಡು ಕೊಡುತ್ತಾರೆಂದರೆ, ಹೆದರಿಸುವ ಸಂಗೀತಕ್ಕೂ ಕೇಳುಗರಿರುತ್ತಾರೆ ಎಂಬ ಯೋಚನೆ ಅಲ್ಲಿ ಹೊಳೆಯಿತು. 1969ರಲ್ಲಿ ಚಿತ್ರದ ಹೆಸರೇ ತಂಡದ ಹೆಸರಾಯಿತು.

ಒಂದೇ ದಿನದಲ್ಲಿ ಧ್ವನಿಮುದ್ರಿಸಿದ ಮೊದಲ ಆಲ್ಬಂ 1970ರ ಫೆಬ್ರುವರಿ 13ರ ಶುಕ್ರವಾರ ಹೊರಬಂತು. ಮಳೆ, ಗುಡುಗು, ಗಂಟೆಯ ಸದ್ದಾದ ಮೇಲೆ ಗಿಟಾರ್ ಮೂರೇ ಸ್ವರ ನುಡಿಸುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಕಲ್ಯಾಣಿಯಲ್ಲಿ ಇದೇ ಪ್ರತಿಮಧ್ಯಮ ಮನಸ್ಸನ್ನು ಅರಳಿಸುತ್ತದೆ. ಹಾಗಾಗಿ ಭಯ ಸ್ವರವೊಂದರಲ್ಲೇ ಇಲ್ಲ. ನಿಧಾನದ ಲಯ, ಒಡೆದಂಥ ದನಿ, ಕೊನೆಯ ಸ್ವರದ ನಡುಕ ಸೇರಿ ಅದನ್ನು ಹುಟ್ಟಿಸುತ್ತವೆ.

ಆಮೇಲೆ ಈ ಬಗೆ ಹಲವು ಕವಲಾಯಿತು. ಆಲಿಸ್ ಕೂಪರ್ 1973ರ ಪ್ರವಾಸದಲ್ಲಿ ಗಿಲೊಟಿನ್‌ಗೆ ತಲೆ ಕೊಡುವ ಆಟ ತೋರಿಸಿದರು. ಲಂಡನ್ನಿನ ಐರನ್ ಮೇಡನ್ 1980ರ ಮೊದಲ ಆಲ್ಬಂನಲ್ಲಿ ಡೆರೆಕ್ ರಿಗ್ಸ್ ಚಿತ್ರಿಸಿದ ಎಡ್ಡಿ ಎಂಬ ಶವಮುಖದ ಪಾತ್ರವನ್ನು ಮುಂದಿಟ್ಟಿತು. 1987ರಲ್ಲಿ ಡೆನ್ಮಾರ್ಕಿನ ಕಿಂಗ್ ಡೈಮಂಡ್ ‘ಅಬಿಗೈಲ್’ ಆಲ್ಬಂನಲ್ಲಿ ಭೂತಬಂಗಲೆಯ ಕಥೆಯೊಂದನ್ನು ಇಡಿಯಾಗಿ ಹಾಡಿದರು. ಅದೇ ವರ್ಷ ಅಮೆರಿಕದ ಡೆತ್ ತಂಡ ಭಯಾನಕ ಸಿನಿಮಾಗಳಿಂದ ವಸ್ತು ಪಡೆದು ‘ಸ್ಕ್ರೀಮ್ ಬ್ಲಡಿ ಗೋರ್’ ತಂದಿತು.

ವಿರೋಧವೂ ಬಂತು. 1985ರಲ್ಲಿ ಅಮೆರಿಕದ ಪೋಷಕರ ಸಂಘಟನೆಯೊಂದು ಆಕ್ಷೇಪಿಸಿದ 15 ಹಾಡುಗಳ ಪಟ್ಟಿಯಲ್ಲಿ ಬ್ಲ್ಯಾಕ್ ಸಬ್ಬಾತ್, ವೆನಮ್, ಮರ್ಸಿಫುಲ್ ಫೇಟ್ ತಂಡಗಳ ಹಾಡುಗಳಿದ್ದವು. ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಆಲ್ಬಂಗಳ ಮೇಲೆ ಎಚ್ಚರಿಕೆಯ ಚೀಟಿ ಬಂತು. ಕೇಳುಗರು ಮಾತ್ರ ಹೆಚ್ಚುತ್ತಲೇ ಹೋದರು. 2007ರ ಮಾರ್ಚ್ 17ರಂದು ಐರನ್ ಮೇಡನ್ ಭಾರತದಲ್ಲಿ ತನ್ನ ಮೊದಲ ಕಛೇರಿ ನಡೆಸಿದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ.

ಬ್ಲ್ಯಾಕ್ ಸಬ್ಬಾತ್‌ನ ಮೂಲ ನಾಲ್ವರು 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ಕೊನೆಯ ಬಾರಿ ಒಟ್ಟಿಗೆ ನುಡಿಸಿದರು. ಅದೇ ತಿಂಗಳ 22ರಂದು ಆಸ್ಬೋರ್ನ್ ತೀರಿಕೊಂಡರು. ಆ ಕಛೇರಿಯಲ್ಲಿ ಮೆಟಾಲಿಕಾ, ಸ್ಲೇಯರ್ ಮುಂತಾದ ತಂಡಗಳು ತಮ್ಮ ಹಾಡುಗಳ ಜತೆಗೆ ಸಬ್ಬಾತ್ ಹಾಡುಗಳನ್ನೂ ನುಡಿಸಿ, ತಮ್ಮ ಸಂಗೀತದ ಮೂಲ ಯಾವುದೆಂದು ಬಹಿರಂಗವಾಗಿ ಒಪ್ಪಿಕೊಂಡವು.