ಮಕ್ಕಳ ಅಶ್ಮರೀರೋಗ: ಶಸ್ತ್ರದಿಂದ ಆಹಾರದವರೆಗೆ

ಮೂತ್ರಾಂಗಗಳಲ್ಲಿ ಕಲ್ಲು ಬೆಳೆಯುವುದು ವಯಸ್ಕರ ರೋಗವೆಂಬ ಭಾವನೆ ಇಂದು ಸಾಮಾನ್ಯವಾಗಿದೆ. ಆದರೆ ಶತಮಾನಗಳ ಕಾಲ ಅದು ಮುಖ್ಯವಾಗಿ ಮಕ್ಕಳನ್ನು, ಅದರಲ್ಲೂ ಬಡ ಕುಟುಂಬಗಳ ಗಂಡುಮಕ್ಕಳನ್ನು ಬಾಧಿಸುತ್ತಿತ್ತು. ಆಗ ಕಲ್ಲು ನೆಲೆಗೊಳ್ಳುತ್ತಿದ್ದುದು ಹೆಚ್ಚಾಗಿ ಮೂತ್ರಪಿಂಡದಲ್ಲಲ್ಲ, ಮೂತ್ರಕೋಶದಲ್ಲಿ. ಅದನ್ನು ಹೊರತೆಗೆಯುವ ಕೌಶಲ ಬಹು ಪ್ರಾಚೀನವಾದುದು. ಅದು ಏಕೆ ಹುಟ್ಟುತ್ತದೆಂಬ ಖಚಿತ ಅರಿವು ಮಾತ್ರ ಇಪ್ಪತ್ತನೆಯ ಶತಮಾನದ್ದು.

ಸುಶ್ರುತಸಂಹಿತೆಯ ನಿದಾನಸ್ಥಾನವು ಅಶ್ಮರಿಯನ್ನು ಶ್ಲೇಷ್ಮ, ವಾತ, ಪಿತ್ತ ಮತ್ತು ಶುಕ್ರಜನ್ಯವೆಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಮೊದಲ ಮೂರು ಬಹುಮಟ್ಟಿಗೆ ಮಕ್ಕಳಲ್ಲಿಯೇ ಕಂಡುಬರುತ್ತವೆಂದು ತಿಳಿಸುತ್ತದೆ. ಹಲ್ಲು ಕಡಿಯುವುದು, ಹೊಕ್ಕುಳನ್ನು ಒತ್ತಿಕೊಳ್ಳುವುದು, ಜನನೇಂದ್ರಿಯವನ್ನು ಹಿಸುಕಿಕೊಳ್ಳುವುದು, ಮೂತ್ರದ ಧಾರೆ ತಡೆತಡೆದು ಬರುವುದು ಅಲ್ಲಿ ಹೇಳಿರುವ ಲಕ್ಷಣಗಳು. ನೋವನ್ನು ಮಾತಿನಲ್ಲಿ ಹೇಳಲಾರದ ಮಗುವಿನ ರೋಗನಿರ್ಣಯಕ್ಕೆ ಇಂಥ ಲಕ್ಷಣಗಳೇ ಆಧಾರ. ಚಿಕಿತ್ಸಾಸ್ಥಾನದ ಏಳನೆಯ ಅಧ್ಯಾಯದಲ್ಲಿ ಶಸ್ತ್ರಕ್ರಿಯೆಯ ವಿವರವಿದೆ. ಗುದದ್ವಾರದೊಳಗೆ ಎರಡು ಬೆರಳುಗಳನ್ನಿಟ್ಟು ಕಲ್ಲನ್ನು ಕೆಳಗೆ ತಂದು, ಸೀವನಿಯ ಎಡಕ್ಕೆ ಯವದಷ್ಟು ಅಂತರ ಬಿಟ್ಟು ಛೇದಿಸಬೇಕು. ಕಲ್ಲು ಒಡೆಯದಂತೆ, ಚೂರೂ ಉಳಿಯದಂತೆ ತೆಗೆಯಬೇಕು, ಏಕೆಂದರೆ ಉಳಿದ ಚೂರು ಮತ್ತೆ ಬೆಳೆಯುತ್ತದೆ. ಶಸ್ತ್ರಕ್ರಿಯೆ ಮಾಡದಿದ್ದರೆ ಮರಣ ನಿಶ್ಚಿತ, ಮಾಡಿದರೂ ಫಲ ಸಂಶಯಾಸ್ಪದ; ಆದುದರಿಂದ ಪ್ರಭುವಿನ ಅನುಮತಿ ಪಡೆದೇ ಮುಂದುವರಿಯಬೇಕೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ.

ರೋಮಿನ ಸೆಲ್ಸಸ್ ಕ್ರಿ.ಶ. ಒಂದನೆಯ ಶತಮಾನದಲ್ಲಿ ಇಂಥದೇ ಕ್ರಮವನ್ನು ವಿವರಿಸಿ, ಅದನ್ನು 9ರಿಂದ 14 ವರ್ಷದವರಿಗೆ ಸೀಮಿತಗೊಳಿಸಿದನು. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದಲ್ಲಿ ಈ ರೋಗ ಎಷ್ಟು ವ್ಯಾಪಕವಾಗಿತ್ತೆಂದರೆ, 1771ರಲ್ಲಿ ಸ್ಥಾಪನೆಯಾದ ನಾರ್ವಿಚ್ ಆಸ್ಪತ್ರೆ ಅಶ್ಮರೀ ಚಿಕಿತ್ಸೆಗೇ ಹೆಸರಾಯಿತು. ಅಲ್ಲಿಯ ರೋಗಿಗಳಲ್ಲಿ ಮಕ್ಕಳ ಪಾಲು ದೊಡ್ಡದಾಗಿತ್ತು. 1878ರಲ್ಲಿ ಅಮೆರಿಕದ ಬಿಗೆಲೋ, ಕಲ್ಲನ್ನು ಮೂತ್ರಕೋಶದಲ್ಲಿಯೇ ಪುಡಿಮಾಡಿ ಒಂದೇ ಸಲಕ್ಕೆ ಹೊರತೆಗೆಯುವ ವಿಧಾನವನ್ನು ಪ್ರಕಟಿಸಿದನು. ಬಾಲಕರ ಕಿರಿದಾದ ಮೂತ್ರಮಾರ್ಗಕ್ಕೆ ಅದು ಒಗ್ಗದೆಂಬ ನಂಬಿಕೆ ಆಗ ಬಲವಾಗಿತ್ತು. ಇಂದೋರಿನಲ್ಲಿದ್ದ ಶಸ್ತ್ರವೈದ್ಯ ಕೀಗನ್ 1880ರ ದಶಕದಲ್ಲಿ ಸಣ್ಣ ಉಪಕರಣಗಳನ್ನು ಬಳಸಿ ಈ ನಂಬಿಕೆಯನ್ನು ಅಲ್ಲಗಳೆದನು.

ಕಾರಣದ ಅನ್ವೇಷಣೆ ನಡೆದುದು ಶಸ್ತ್ರಾಗಾರದ ಹೊರಗೆ. ಕೂನೂರಿನ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಇಲಿಗಳಿಗೆ ಧಾನ್ಯಪ್ರಧಾನವಾದ, ಜೀವಸತ್ವ ‘ಎ’ ಕೊರತೆಯ ಆಹಾರ ನೀಡಿ ಕಲ್ಲುಗಳನ್ನು ಉಂಟುಮಾಡಿ, ಹಾಲು ಸೇರಿಸಿದಾಗ ಅವು ತಡೆಯಲ್ಪಡುವುದನ್ನು ಕಂಡು, 1931ರಲ್ಲಿ ಭಾರತದ ಅಶ್ಮರಿಯ ಕಾರಣಗಳನ್ನು ಕುರಿತು ಬರೆದನು. 1960ರ ದಶಕದಲ್ಲಿ ಥಾಯ್ಲೆಂಡಿನ ಉಬೋನ್ ಪ್ರಾಂತ್ಯದ ಅಧ್ಯಯನಗಳು, ಹಸುಗೂಸಿಗೆ ಬಹು ಬೇಗ ಅನ್ನ ತಿನ್ನಿಸುವ ರೂಢಿಯತ್ತ ಗಮನ ಸೆಳೆದವು. ಹಾಲು ಮತ್ತು ಪ್ರಾಣಿಜನ್ಯ ಪ್ರೋಟೀನು ಕಡಿಮೆಯಾದ ಆಹಾರದಲ್ಲಿ ಫಾಸ್ಫೇಟಿನ ಕೊರತೆಯಾಗಿ ಮೂತ್ರದಲ್ಲಿ ಅಮೋನಿಯ ಹೆಚ್ಚುತ್ತದೆ. ಭೇದಿ ಹಾಗೂ ಸೆಖೆಯಿಂದ ಮೂತ್ರ ಗಾಢವಾದಾಗ ಅಮೋನಿಯಂ ಯೂರೇಟ್ ಹರಳುಗಟ್ಟುತ್ತದೆ. ಯೂರೋಪಿನಲ್ಲಿ ಮಕ್ಕಳ ಮೂತ್ರಕೋಶದ ಕಲ್ಲು ಅಪರೂಪವಾಗಲು ಶಸ್ತ್ರವೈದ್ಯರ ಕೈಚಳಕಕ್ಕಿಂತ ಆಹಾರದ ಸುಧಾರಣೆಯೇ ಹೆಚ್ಚಿನ ಕಾರಣವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಂದು ಸಾಧನಗಳು ಬದಲಾಗಿವೆ. ಸಾಮಾನ್ಯ ಕ್ಷಕಿರಣಕ್ಕೆ ಕಾಣಿಸದ ಯೂರೇಟ್ ಕಲ್ಲುಗಳನ್ನೂ ಶ್ರವಣಾತೀತ ಧ್ವನಿಯ ಪರೀಕ್ಷೆ ತೋರಿಸಬಲ್ಲದು. 1980ರಲ್ಲಿ ಮ್ಯೂನಿಕ್‌ನಲ್ಲಿ ಆರಂಭವಾದ ಆಘಾತತರಂಗ ಚಿಕಿತ್ಸೆಯು ಛೇದನವಿಲ್ಲದೆ ಕಲ್ಲನ್ನು ಒಡೆಯುತ್ತದೆ. ಆದರೂ 2008ರಲ್ಲಿ ಚೀನಾದಲ್ಲಿ ಮೆಲಮೈನ್ ಬೆರೆತ ಹಾಲಿನ ಪುಡಿಯಿಂದ ಸುಮಾರು 3 ಲಕ್ಷ ಶಿಶುಗಳು ಬಾಧೆಗೊಳಗಾದುವು. ಕೊರತೆಯಿಂದ ಕಲ್ಲಿಗೆ ಕಾರಣವಾಗಿದ್ದ ಹಾಲು ಅಲ್ಲಿ ಕಲಬೆರಕೆಯಿಂದ ಕಾರಣವಾಯಿತು. ಮಗುವಿನ ಕಲ್ಲನ್ನು ತೆಗೆದ ವೈದ್ಯನು ಆ ಮಗು ಏನನ್ನು ಉಣ್ಣುತ್ತಿದೆ, ಎಷ್ಟು ನೀರು ಕುಡಿಯುತ್ತಿದೆಯೆಂದು ವಿಚಾರಿಸದಿದ್ದರೆ ಅವನ ಚಿಕಿತ್ಸೆ ಅಪೂರ್ಣವಾಗಿಯೇ ಉಳಿಯುತ್ತದೆ.